ಮೂರನೆಯ ಬೆರಳು

ಎಣ್ಣೆ ಬಾವಿಯೊಳಗೆ ಬಿದ್ದದ್ದನ್ನು ಹುಡುಕಿ ತೆಗೆಯುವುದು ಅವನ ಕಸುಬು. ಬಾವಿ ಕೊರೆಯುವ ರಿಗ್ಗಿನವರೆಲ್ಲ ಅವನನ್ನು ಗಾಳ ಎಂದೇ ಕರೆಯುತ್ತಿದ್ದರು. ಮುರಿದ ಪೈಪು, ಜಾರಿದ ಸುತ್ತಿಗೆ, ಒಮ್ಮೆ ಯಾರದೋ ಟಾರ್ಚು, ಎಲ್ಲವನ್ನೂ ಮೈಲಿ ಆಳದಿಂದ ಎತ್ತಿ ಕೊಟ್ಟಿದ್ದ. ಎತ್ತಿ ಎತ್ತಿ ಒಂದು ಕೆಟ್ಟ ಚಾಳಿಯೂ ಅಂಟಿಕೊಂಡಿತ್ತು. ‘ಏನೂ ಬಿದ್ದಿಲ್ಲ’ ಎಂದು ಯಾರು ಹೇಳಿದರೂ ನಂಬುತ್ತಿರಲಿಲ್ಲ. ಹಾಲು ಉಕ್ಕಿಲ್ಲ ಎಂದು ಹೆಂಡತಿ ಹೇಳಿದರೂ ಒಲೆ ಮುಟ್ಟಿ ನೋಡುವ ಆಸಾಮಿ.

ಈ ಸಲ ಹಾಗೆ ಹೇಳಿದವರು ಅವನ ಸ್ವಂತ ಅಕ್ಕನ ಗಂಡ. ಭಾವ ಆ ರಿಗ್ಗಿನ ಡ್ರಿಲ್ಲರ್. ಬಾವಿಗೆ ಏನು ಇಳಿದರೂ ಹತ್ತಿದರೂ ಬ್ರೇಕಿನ ಹಿಡಿ ಅವರ ಕೈಯಲ್ಲೇ. ಬಾವಿ ಕೊರೆಯುವ ಬಿಟ್ ಹಲ್ಲು ಸವೆದು ಬೊಚ್ಚಾಗಿ ಮೇಲೆ ಬಂದಿತ್ತು.

“ಕಲ್ಲು ಗಟ್ಟಿ, ಅಷ್ಟೇ. ಇಷ್ಟಕ್ಕೆ ನಿನ್ನನ್ನ ಯಾಕೆ ಕರೆಸಿದ್ರೋ!” ಎಂದ ಭಾವ, ಹೋಗಿ ತಾವೇ ಚಹಾ ತಂದುಕೊಟ್ಟರು. ಮದುವೆಯಾದ ಲಾಗಾಯ್ತು ಭಾವ ಒಬ್ಬರಿಗೂ ಲೋಟ ನೀರು ಕೊಟ್ಟವರಲ್ಲ. ಗಾಳದ ಕಿವಿ ನೆಟ್ಟಗಾಯಿತು.

ಬೆಳಿಗ್ಗೆ ಅಕ್ಕ ಬೇರೆ ಫೋನ್ ಮಾಡಿದ್ದಳು. “ನಿಮ್ಮ ಭಾವ ಸರಿಯಾಗಿ ಮಾತೇ ಆಡ್ತಿಲ್ಲ ಕಣೋ. ಹಿಂದಿನ ರಿಗ್ಗಲ್ಲೇ ಒಂದು ನೋಟಿಸ್ ಬಂದಿದೆ. ಇನ್ನೊಂದು ಬಂದ್ರೆ ಸೀದಾ ಮನೆಗೆ. ಸ್ವಲ್ಪ ನೋಡ್ಕೋಪ್ಪಾ.” ನೋಡಿಕೊಳ್ಳುತ್ತೇನೆ ಎಂದಿದ್ದ. ಈಗ ನೋಡುತ್ತಲೇ ಇದ್ದ, ಪೊಲೀಸಿನವರು ನೋಡುವ ಹಾಗೆ.

ಅವನು ಮೊದಲು ಇಳಿಸುವುದು ಸೀಸದ ಅಚ್ಚು. ಪೈಪಿನ ತುದಿಗೆ ಮೆತ್ತನೆಯ ಸೀಸ ಕಟ್ಟಿ, ತಳ ಮುಟ್ಟಿಸಿ ಒತ್ತಿದರೆ ಅಲ್ಲಿ ಬಿದ್ದದ್ದರ ಗುರುತು ಮೂಡುತ್ತದೆ. ಒತ್ತುವುದು ಒಂದೇ ಸಲ. ಎರಡನೇ ಸಲ ಒತ್ತಿದರೆ ಗುರುತೆಲ್ಲ ಕಲಸಿಹೋಗುತ್ತದೆ. ಭಾವನ ಕೈಯನ್ನೇ ಅವನು ಕಣ್ಣು ಮಿಟುಕಿಸದೆ ನೋಡುತ್ತ ನಿಂತ.

“ನನ್ನ ಕೈಯಲ್ಲೇನು ಸಿನಿಮಾ ತೋರಿಸ್ತಿದಾರಾ?” ಭಾವ ರೇಗಿದರು. ಆದರೆ ಒತ್ತಿದ್ದು ಒಂದೇ ಸಲ.

ಮೇಲೆ ಬಂದ ಸೀಸವನ್ನು ಶೆಡ್ಡಿಗೆ ಒಯ್ದು ಒರೆಸಿ ನೋಡಿದ. ಗೀರುಗೀರಾದ ಒಂದು ಉದ್ದನೆಯ ಬಿಲ್ಲೆಯ ಗುರುತು; ಅದು ಪೈಪು ಹಿಡಿಯುವ ದೊಡ್ಡ ಟಾಂಗಿನ ಬಾಯಿಂದ ಕಳಚಿದ್ದು. ಅಂಥದ್ದು ಎಲ್ಲಿ ಬೇಕಾದರೂ ಬೀಳುತ್ತದೆ. ಪಕ್ಕದ ಗುರುತನ್ನು ಮಾತ್ರ ಅವನು ಇನ್ನೊಮ್ಮೆ ಒರೆಸಿ, ಬಗ್ಗಿ ನೋಡಿದ. ಬಾಗಿದ ಬೆರಳಿನಂಥ ಉಕ್ಕಿನ ಪಟ್ಟಿ, ತುದಿ ಎಡಕ್ಕೆ ಓರೆ.

ಹಾಗೆ ಓರೆಯಾಗಿ ಕತ್ತರಿಸುವವನು ತಾನೊಬ್ಬನೇ. ಅವನು ಎಡಚ. ಪೈಪಿನ ತುದಿಯನ್ನು ಬೆರಳು ಬೆರಳಾಗಿ ಸೀಳಿ ಇಳಿಸಿದರೆ, ತಳದಲ್ಲಿ ಅವು ಒಳಕ್ಕೆ ಮಡಚಿ, ಬಿದ್ದದ್ದನ್ನು ಮುಷ್ಟಿಯಲ್ಲಿ ಹಿಡಿದು ತರುತ್ತವೆ. ಒಂದು ರಜೆಯಲ್ಲಿ ಅಕ್ಕನ ಅಡುಗೆಮನೆಯಲ್ಲಿ ಕೂತು, ಹಾಲಿನ ಪುಡಿಯ ಡಬ್ಬ ಕತ್ತರಿಸಿ ಭಾವನಿಗೆ ಅದನ್ನು ತೋರಿಸಿಕೊಟ್ಟಿದ್ದ. ಡಬ್ಬ ಹಾಳಾಯಿತೆಂದು ಅಕ್ಕ ಇಬ್ಬರಿಗೂ ಉಗಿದಿದ್ದಳು.

ಭಾವನನ್ನು ಶೆಡ್ಡಿಗೆ ಕರೆದು ಸೀಸ ತೋರಿಸಿದ. ಅವರು ಶೆಡ್ಡಿನ ಬಾಗಿಲು ಎಳೆದುಕೊಂಡರು.

“ಬಿಲ್ಲೆ ಬಿತ್ತು. ನಾನೇ ತೆಗೆಯೋಣ ಅಂದ್ಕೊಂಡೆ. ನೀನು ಬಂದು ತೆಗೀತೀಯ, ಆಮೇಲೆ ನಿಮ್ಮನೇಲಿ ವರ್ಷವಿಡೀ ಅದೇ ಮಾತು, ಅಳಿಯ ಬೀಳಿಸಿದ, ಮಗ ಎತ್ತಿದ ಅಂತ. ಯಾರಿಗೂ ಹೇಳದೆ, ನೀನು ತೋರಿಸಿದ ಹಾಗೇ ಪೈಪು ಸೀಳಿ ಇಳಿಸಿದೆ. ಜಾಸ್ತಿ ಒತ್ತಿಬಿಟ್ಟೆ, ಬೆರಳು ಮುರೀತು.”

“ಎಷ್ಟು ಮುರೀತು, ಭಾವ?”

“ಎರಡೇ.”

“ಆ ಪೈಪು ಎಲ್ಲಿ?”

“ಗುಜರಿ ಲಾರಿಗೆ ಹಾಕಿಬಿಟ್ಟೆ.”

ಗಾಳ ಸೀಸದ ಗುರುತಿನ ಮೇಲೆ ಬಟ್ಟೆ ಮುಚ್ಚಿದ. ರಿಗ್ಗಿನ ಮ್ಯಾನೇಜರಿಗೆ ಹೇಳದೆ ಬಾವಿಗೆ ಕೈಯಾರೆ ಮಾಡಿದ್ದನ್ನು ಇಳಿಸುವುದೆಂದರೆ ಕೆಲಸ ಹೋದಂತೆಯೇ. ಹೇಳುವುದಿಲ್ಲ ಎಂದು ಮಾತು ಕೊಟ್ಟ.

ಅಯಸ್ಕಾಂತ ಇಳಿಸಿದರು. ಅದು ಬಿಲ್ಲೆಯನ್ನೂ ಎರಡು ಬೆರಳನ್ನೂ ಕಚ್ಚಿಕೊಂಡು ಬಂತು.

“ಇವೇನು?” ಎಂದು ಮ್ಯಾನೇಜರ್ ಕೇಳಿದಾಗ, “ಹಳೇ ಪೈಪಿನ ಚೂರು ಸಾರ್,” ಎಂದ. ಭಾವ ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಏನೂ ಬಿದ್ದಿಲ್ಲ ಎಂದ ಬಾಯೇ ಎರಡು ಎಂದಿದೆ. ಮೂರಾಗಿದ್ದರೆ? ಹೊಸ ಬಿಟ್ ಮತ್ತೆ ಬೊಚ್ಚಾಗುತ್ತದೆ, ಗಾಳ ತಳ ಗುಡಿಸದೆ ಹೋದ ಎಂದು ಎಲ್ಲ ರಿಗ್ಗಿನಲ್ಲೂ ಆಡಿಕೊಳ್ಳುತ್ತಾರೆ. ಅನುಮಾನ ಎಂಬುದು ಅವನ ಹೊಟ್ಟೆಯಲ್ಲಿ ಹುಳಿ ತೇಗಿನ ಹಾಗೆ ಮೇಲೆ ಬರುತ್ತಲೇ ಇತ್ತು.

ಭಾವನನ್ನು ಪಕ್ಕಕ್ಕೆ ಎಳೆದ. “ನಿಜ ಹೇಳಿ. ಎರಡೇನಾ?”

“ನಾನು ಸೀಸ ಇನ್ನೊಂದ್ಸಲ ಒತ್ತಿದ್ರೆ ನಿನಗೆ ಏನು ಕಾಣ್ತಿತ್ತೋ?” ಭಾವ ಕೇಳಿದರು. “ಒತ್ತಲಿಲ್ಲ. ಎರಡೇ ಕಣೋ, ನನ್ನ ಮಕ್ಕಳಾಣೆ.”

ಆ ಮಾತು ಎಷ್ಟು ತೂಕದ್ದೆಂದು ಅವನು ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಸೀದಾ ಮ್ಯಾನೇಜರ್ ಹತ್ತಿರ ಹೋಗಿ, ಇನ್ನೊಮ್ಮೆ ಇಳಿಸಬೇಕು ಎಂದ.

“ಇಡೀ ದಿನ ಹಾಳು. ಕಾರಣ ಕೊಡಿ.”

ಬೇರೆ ಕಾರಣಗಳು ಅವನ ತಲೆಗೆ ಬರಲೇ ಇಲ್ಲ. ಒಂದೇ ಒಂದು ಬಂತು, ಭಾವ ಕದ್ದು ಇಳಿಸಿದ ಪೈಪು; ಅದನ್ನೇ ಹೇಳಿದ.

ಕೆಲಸ ಹೋದದ್ದಕ್ಕೆ ಭಾವ ಜಗಳ ಆಡಲಿಲ್ಲ. ಹೆಲ್ಮೆಟ್ ತೆಗೆದು ಬ್ರೇಕಿನ ಹಿಡಿಯ ಪಕ್ಕ ಇಟ್ಟರು, ಚೀಲ ಕಟ್ಟಿಕೊಂಡು ಊರಿಗೆ ಹೋಗುವ ಜೀಪು ಹತ್ತಿದರು. ಹಿಂತಿರುಗಿ ನೋಡಲಿಲ್ಲ. ಬೇರೆ ಡ್ರಿಲ್ಲರ್ ಬಂದ. ಅಯಸ್ಕಾಂತ ಮತ್ತೆ ಇಳಿಯಿತು, ತಳವನ್ನೆಲ್ಲ ತಡಕಾಡಿ, ಸಂಜೆ ಹೊತ್ತಿಗೆ ಮೇಲೆ ಬಂತು.

ಮೆತ್ತಿದ್ದ ಕೆಸರನ್ನು ಗಾಳ ನೀರು ಹಾಕಿ ತೊಳೆದ. ಒಂದಿಷ್ಟು ಕಬ್ಬಿಣದ ಪುಡಿ, ಮತ್ತೇನಿಲ್ಲ.

“ತಳ ಲಕಲಕ ಅಂತಿದೆ. ಭೇಷ್!” ಮ್ಯಾನೇಜರ್ ಅವನ ಬೆನ್ನು ತಟ್ಟಿ ಹೋದರು.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅಕ್ಕ. ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡು ಎತ್ತಿದ. ಅವಳು ಎರಡನ್ನೂ ಮಾಡಲಿಲ್ಲ.

“ಅವರು ಈಗ ಮನೆಗೆ ಬಂದ್ರು. ಎರಡೇ ಅಂತ ನಿನಗೆ ಹೇಳಿದ್ರಂತೆ,” ಎಂದಳು. “ಮೂರನೇದು ಸಿಕ್ತೇನೋ?”

ಅವನು ಅಯಸ್ಕಾಂತದ ಮೇಲೆ ಬರಿಗೈ ಆಡಿಸಿ ಇನ್ನೊಮ್ಮೆ ಹುಡುಕಿದ.

“ಇಲ್ಲ, ಅಕ್ಕ.”