ಎರಡೂವರೆ ಇಂಚಿನ ಬಾಗಿಲು

ವಾಮದಪದವಿನ ಮೇಸ್ತ್ರಿ ಹುಕ್ರಪ್ಪ ಕೆಲಸದವರೊಂದಿಗೆ ಕೆಂಪುಕಲ್ಲು ಇಳಿಸಿ ಕೆರೆಯ ದಂಡೆಗೆ ಗೋಡೆ ಕಟ್ಟಲು ಹೊರಟಾಗ, ಅದನ್ನು ಕಟ್ಟಿಸುತ್ತಿದ್ದ ರುಖಿಯಮ್ಮನೇ ಅಡ್ಡ ನಿಂತರು. ಮಣ್ಣಿನ ದಂಡೆಯ ತೂತೊಂದರಲ್ಲಿ ಮಿಂಚುಳ್ಳಿ ಮರಿ ಮಾಡಿತ್ತು. ಕಲ್ಲು ಕಟ್ಟಿದರೆ ಮರಿಗಳು ಒಳಗೇ ಸಿಕ್ಕಿ ಸಾಯುತ್ತವೆ.

"ಅದು ಉಡದ ಮಾಟೆ," ಎಂದರು ಪಕ್ಕದ ಮನೆಯ ನೀಲಾವತಿ. "ಮುಚ್ಚಿಸಿ ಮಾರಾಯ್ರೆ. ನಿನ್ನೆ ನನ್ನ ಕೋಳಿಯ ಐದು ಮೊಟ್ಟೆ ನುಂಗಿದ್ದು ಮಿಂಚುಳ್ಳಿಯಾ?"

"ನೀಲಾವತಿಯಕ್ಕ, ಈ ತೂತಿಗೆ ನನ್ನ ಮುಷ್ಟಿಯೇ ಹೋಗುವುದಿಲ್ಲ. ಉಡ ಎಂದರೆ ಬಸ್ಸು, ಇದು ಸೈಕಲ್ಲು. ಸೈಕಲ್ಲಿನ ದಾರಿಯಲ್ಲಿ ಬಸ್ಸು ಹೋಗ್ತದಾ?"

"ಮರಿಯಾಗಿರುವಾಗ ಉಡವೂ ಸೈಕಲ್ಲೇ!"

ಹುಕ್ರಪ್ಪ ಜೋರಾಗಿ ನಕ್ಕರು. ವಾದ ಮುಗಿಯುವಂತಿಲ್ಲವೆಂದು ರುಖಿಯಮ್ಮ ಚಹಾ ತಂದರು. ಮೂವರೂ ಕೆರೆಯ ಮೆಟ್ಟಿಲಲ್ಲಿ ಕುಳಿತು ಕುಡಿಯುತ್ತಿದ್ದಾಗ ಪೊದೆಯಿಂದ ಉಡ ಹೊರಬಂತು. ಆಳುದ್ದದ ದೇಹ. ತೂತಿಗೆ ನಾಲಗೆ ಚಾಚಿ, ಉಗುರಿನಿಂದ ಮಣ್ಣು ಕೆರೆಯತೊಡಗಿತು.

"ನೋಡಿ, ಮನೆಯವರು ಬಂದರು!" ಎಂದರು ನೀಲಾವತಿ.

ಅಷ್ಟರಲ್ಲಿ ನೀಲಿ ಕಿಡಿಯೊಂದು ಚೀರುತ್ತ ಉಡದ ತಲೆಗೇ ಎರಗಿತು. ಮಿಂಚುಳ್ಳಿ! ಗುಬ್ಬಚ್ಚಿಯಷ್ಟು ಮೈ, ಮತ್ತೆ ಮತ್ತೆ ಬಂತು. ಉಡ ಕಣ್ಣು ಮುಚ್ಚಿಕೊಂಡು ಹಿಂದೆ ಸರಿಯಿತು. ಹುಕ್ರಪ್ಪ ಚಪ್ಪಾಳೆ ತಟ್ಟಿದ್ದೇ ಉಡ ನೀರಿಗೆ ಬಿದ್ದು ಈಜಿ ಹೋಯಿತು.

"ಮನೆಯವರಲ್ಲ, ಕಳ್ಳ," ಎಂದು ನೀಲಾವತಿ ತಾವೇ ಒಪ್ಪಿಕೊಂಡರು. "ಆದರೆ ನಾಳೆ ಪುನಃ ಬರ್ತದೆ."

ಅದೇ ರುಖಿಯಮ್ಮನ ಎದೆಗೆ ನಾಟಿತು. ಗೋಡೆ ಕಟ್ಟಿದರೂ ಮರಿಗಳಿಲ್ಲ, ಕಟ್ಟದಿದ್ದರೂ ಇಲ್ಲ.

ಹುಕ್ರಪ್ಪ ಚೀಲ ತಡಕಿದರು. ಗೋಡೆಯ ಹಿಂದಿನ ನೀರು ಹೊರಹೋಗಲೆಂದು ಕಲ್ಲುಗಳ ನಡುವೆ ಇಡುವ ಪೈಪಿನ ತುಂಡೊಂದನ್ನು ತೆಗೆದು, ತೂತಿನ ಬಾಯಿಗೆ ಸರಿಯಾಗಿ ಕೂರಿಸಿ, ಸುತ್ತ ನಾಲ್ಕು ಕಲ್ಲು ಕಟ್ಟಿದರು. "ಎರಡೂವರೆ ಇಂಚು. ಬಸ್ಸಿಗೆ ಜಾಗ ಇಲ್ಲ. ಮಧ್ಯಾಹ್ನದವರೆಗೆ ನೋಡುವ ಅಮ್ಮ. ಹಕ್ಕಿ ಒಳಗೆ ಹೋಗದಿದ್ದರೆ ಕಲ್ಲು ಬಿಚ್ಚುತ್ತೇನೆ."

ಕೆಲಸ ನಿಲ್ಲಿಸಿ ಅವರು ದೂರ ಕುಳಿತರು. ಬೀಡಿಯನ್ನೂ ಹಚ್ಚಲಿಲ್ಲ, ಹೊಗೆಗೆ ಹಕ್ಕಿ ಹೆದರೀತು ಎಂದು.

ಮಿಂಚುಳ್ಳಿ ಮೀನು ಕಚ್ಚಿಕೊಂಡು ಬಂತು. ಪೈಪು ನೋಡಿ ಹಾರಿಹೋಯಿತು. ಪುನಃ ಬಂತು, ಪುನಃ ಹೋಯಿತು. ರುಖಿಯಮ್ಮ ಸೆರಗಿನ ಅಂಚನ್ನು ಹಿಂಡುತ್ತಲೇ ಇದ್ದರು. ಮೂರನೆಯ ಸಲ ಬಂದಾಗ ಒಳಗಿನಿಂದ ಮರಿಗಳು ಕೂಗಿದವು. ಹಕ್ಕಿ ನೇರ ಪೈಪಿನೊಳಗೆ ನುಗ್ಗಿತು.

"ನನ್ನ ಮಗಳ ಮದುವೆಯಲ್ಲೂ ನಾನು ಇಷ್ಟು ಉಸಿರು ಹಿಡಿದಿರಲಿಲ್ಲ!" ಎಂದರು ನೀಲಾವತಿ.

ಹುಕ್ರಪ್ಪ ಎದ್ದು ಕೆಲಸದವರನ್ನು ಕರೆದರು. "ಬನ್ನಿ, ಇನ್ನು ಆ ತುದಿಯಿಂದ ಕಟ್ಟುವ. ಸ್ವಲ್ಪ ಮೆಲ್ಲ, ಇಲ್ಲಿ ಊಟ ನಡೀತಾ ಉಂಟು."