ಬಿಚ್ಚಿದ ಕೊಂಡಿ

೨೦೨೪ರ ನವೆಂಬರ್ ೧೮, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಗದಗಿನ ಸಂಗ್ರಹಾಲಯದಲ್ಲಿ ನೇತ್ರಾ ಕಂಪ್ಯೂಟರ್ ಮುಂದೆ ಕೂತಿದ್ದಾಗ ಹಮ್ಮಿಗಿಯಿಂದ ಇಬ್ಬರು ಬಂದರು. ಎಪ್ಪತ್ತು ದಾಟಿದ ಫಕ್ಕೀರವ್ವ ಮತ್ತು ಅವಳ ಮಗ ಗವಿಸಿದ್ದೇಶ.

ಮಗನ ಮುಖ ಅರಳಿತ್ತು. "ಮೇಡಂ, ನೀವು ನೆಟ್ಟಿನ್ಯಾಗ ಹಾಕಿದ ನನ್ನ ಸಣ್ಣಂದಿನ ಫೋಟೋನ ಮಗಳು ಮೊಬೈಲಿನ್ಯಾಗ ತೋರಿಸಿದ್ಲು. ಈಗ ಹಿಂಗ ಅದಾನ ಅಂತ ನಗಬ್ಯಾಡ್ರಿ, ಆಗ ಭಾಳ ಚಂದಿದ್ದೆ. ಅದನ್ನ ನೋಡಿದಾಗಿಂದ ಅವ್ವ ಸರಿಯಾಗಿ ಊಟಾನೂ ಮಾಡವಲ್ಲಳು. ಗದಗಕ್ಕ ಕರಕೊಂಡು ಹೋಗು ಅಂತ ಒಂದಽ ಹಟ."

ನೇತ್ರಾ ನಕ್ಕಳು. ಜಾಲತಾಣದ ಆ ಪುಟ ಅವಳದೇ ಕೆಲಸ. ಬೆಟಗೇರಿಯಲ್ಲಿ ಮುಚ್ಚಿಹೋದ ಸ್ಟುಡಿಯೊ ಒಂದರ ನೆಗೆಟಿವ್‌ಗಳು ಒಂದು ಸಂಗ್ರಹ. ಹೊಳೆದಂಡೆಯ ಊರುಗಳ ಜನರನ್ನು ಮಾತಾಡಿಸಿ ಮುದ್ರಿಸಿಕೊಂಡ ದನಿಗಳು ಇನ್ನೊಂದು. ಎರಡರ ವಿವರಣೆಯನ್ನೂ ಅವಳು ಕಂಪ್ಯೂಟರ್ ಓದಬಲ್ಲ ಸಂಕೇತಗಳಲ್ಲಿ ಬರೆದಿದ್ದಳು. ಎರಡರಲ್ಲೂ ಬರುವ ವ್ಯಕ್ತಿಗೆ ಒಂದೇ ಗುರುತಿನ ಸಂಖ್ಯೆ ಕೊಟ್ಟರೆ ಜಾಲತಾಣದಲ್ಲಿ ಕೊಂಡಿ ಕೂಡುತ್ತದೆ. ಫೋಟೋ ಒತ್ತಿದರೆ ಅವನದೇ ದನಿ ಕೇಳುತ್ತದೆ.

ಸ್ಟುಡಿಯೊದ ಲಕೋಟೆಯ ಮೇಲೆ ಬರೆದಿದ್ದಂತೆ, ೧೯೭೪ರ ನೆಗೆಟಿವ್‌ನಲ್ಲಿದ್ದ ಎರಡು ವರ್ಷದ ಮಗು ಗವಿಸಿದ್ದೇಶ, ತಂದೆ ಸಕ್ರಪ್ಪ, ಊರು ಹಮ್ಮಿಗಿ. ದನಿ ಕೊಟ್ಟವನ ಹೆಸರು, ತಂದೆ, ಊರು ಎಲ್ಲವೂ ಅವೇ. ಹುಟ್ಟಿದ್ದು ಮಾತ್ರ ೧೯೭೬ರ ಜೂನ್ ಒಂದು. ನೇತ್ರಾ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೆಡ್‌ಮಾಸ್ತರರು ಶಾಲೆಗೆ ಸೇರಿಸಿಕೊಳ್ಳುವಾಗ ತಾವೇ ಬರೆದ ಹುಟ್ಟಿದ ದಿನವನ್ನು ಈ ಕಡೆ ಯಾರು ನಂಬುತ್ತಾರೆ? ಅವಳ ಅಪ್ಪ ಹುಟ್ಟಿದ್ದೂ ಜೂನ್ ಒಂದಕ್ಕೆ, ಇಬ್ಬರು ಕಾಕಂದಿರು ಹುಟ್ಟಿದ್ದೂ ಅಂದೇ.

ಫಕ್ಕೀರವ್ವ ಪರದೆಯ ಮೇಲಿನ ಮಗುವಿನ ಗಲ್ಲ ಮುಟ್ಟಿದಳು.

"ಇದು ನೀ ಅಲ್ಲೋ ಗವ್ಯಾ."

"ಮತ್ಯಾರಬೇ?"

"ನಿಮ್ಮಣ್ಣ."

"ನನಗೆಲ್ಲಿ ಅಣ್ಣ ಅದಾನಬೇ?"

"ಇದ್ದ. ಜ್ವರ ಬಂದು ಹೋದ. ಮರುವರ್ಷ ನೀ ಹುಟ್ಟಿದಿ. ಅಂವನಽ ತಿರುಗಿ ಬಂದಾನ ಅಂತ ನಿಮ್ಮಜ್ಜಿ ಅದಽ ಹೆಸರಿಟ್ಲು. ಹ್ವಾದಾಂವನ ಸುದ್ದಿ ಎತ್ತಿದ್ರ ಬಂದಾಂವನೂ ಹೋಗತಾನ ಅಂದ್ಲು. ಎತ್ತಲಿಲ್ಲ."

ಗವಿಸಿದ್ದೇಶನ ನಗು ನಿಂತಿತು. ಅವನು ಕುರ್ಚಿಯ ಬೆನ್ನು ಹಿಡಿದು ಮೆಲ್ಲಗೆ ಕೂತ.

ಮುದುಕಿ ನೇತ್ರಾಳ ಕಡೆ ತಿರುಗಿದಳು. "ಯವ್ವಾ, ಮನ್ಯಾಗಿದ್ದ ಫೋಟೋ ಹೊಳಿ ಬಂದಾಗ ಹೋತು. ಅವನ ಮಾರಿ ಉಳದದ್ದು ಇದೊಂದಽ. ಇದನ್ನೂ ಇವನ ಹೆಸರಿಗೆ ಹಚ್ಚೀದಿ. ಅಂವಾ ಹುಟ್ಟೇ ಇಲ್ಲ ಅಂದಂಗಾತು."

ನೇತ್ರಾಳ ಕಿವಿ ಬಿಸಿಯಾದವು. ಓದುವಾಗ ಕಾಲೇಜಿನ ಪ್ರಯೋಗಾಲಯದಲ್ಲಿ ಬಣ್ಣ ಒಂದೇ ಎಂದು ಎರಡು ಲವಣಗಳನ್ನು ಒಂದೇ ಎಂದು ಬರೆದವಳಲ್ಲ ಅವಳು. ಇಲ್ಲಿ ಹಾಗೆಯೇ ಬರೆದಿದ್ದಳು.

"ತಪ್ಪಾತ್ರಿ ಅಮ್ಮಾರ. ಈಗಽ ಬಿಡಸ್ತೀನಿ."

ಕೊಂಡಿ ತೆಗೆದಳು. ಮಗುವಿಗೆ ಬೇರೆ ಸಂಖ್ಯೆ ಕೊಟ್ಟಳು. ಪುಟದಲ್ಲಿ ಮಗು ಒಂಟಿಯಾಗಿ ನಿಂತಿತು.

"ನಂದು ಪೂರಾ ತಗೀಬ್ಯಾಡ್ರಿ ಮೇಡಂ," ಎಂದ ಗವಿಸಿದ್ದೇಶ. "ತಮ್ಮ ಅಂತ ಹಾಕ್ರಿ." ಪರದೆಯ ಮೇಲಿನ ಮಗುವನ್ನು ನೋಡಿ, "ಚಂದಿದ್ದಾಂವ ಅಂವನಽ ಅಂತಾತು, ಬಿಡ್ರಿ," ಎಂದ.

"ಇಬ್ರೂ ಚಂದಽ ಇದ್ರಿ, ಸುಮ್ನ ಕುಂಡ್ರು," ಎಂದಳು ತಾಯಿ.

ನೇತ್ರಾ ಹೊಸ ಕೊಂಡಿ ಹಾಕಿ, ಸಂಬಂಧದ ಜಾಗದಲ್ಲಿ 'ತಮ್ಮ' ಎಂದು ಬರೆದಳು. "ಅವಂದು ಮತ್ತೇನರ ಉಳದೈತೇನ್ರಿ, ಅಮ್ಮಾರ?"

ಫಕ್ಕೀರವ್ವ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಕರಿ ಉಡದಾರ. ಮಗುವನ್ನು ಮಣ್ಣಿಗೆ ಒಯ್ಯುವ ಮುಂಚೆ ನಡುವಿನಿಂದ ಹರಿದು ತೆಗೆದದ್ದು.

"ಅಳತಿ ಬೇಕಾದ್ರ ತಗೋ. ದಾರಾ ಕೊಡೂದಿಲ್ಲ."

ಮೇಜಿನ ಮೇಲೆ ಅಳತೆಪಟ್ಟಿ ಇಟ್ಟರು. ದಾರದ ಒಂದು ತುದಿಯನ್ನು ನೇತ್ರಾ ಹಿಡಿದಳು, ಇನ್ನೊಂದನ್ನು ತಮ್ಮ. ಆಮೇಲೆ ಅವಳು ಅಣ್ಣನ ವಿವರಣೆಯಲ್ಲಿ ಒಂದು ಸಾಲು ಸೇರಿಸಿದಳು: ಕರಿ ನೂಲಿನ ಉಡದಾರ, ತಾಯಿಯ ಬಳಿ ಇದೆ, ಉದ್ದ ೪೮ ಸೆಂಟಿಮೀಟರ್.