ಅತ್ತಿಗೆಗೊಂದು ದ್ರಾಕ್ಷಿ ಒತ್ತುವ ಯಂತ್ರ

ಮಣ್ಣು ಅಗೆಯುವ ಯಂತ್ರದ ತೋಳು ಅರ್ಧಕ್ಕೇ ನಿಂತರೆ, ಲಾರಿಯ ತೊಟ್ಟಿ ಮೇಲೇಳದೆ ಮೊಂಡು ಹಿಡಿದರೆ ಜನ ಹುಡುಕಿಕೊಂಡು ಬರುತ್ತಿದ್ದದ್ದು ಜಾಕಿಯನ್ನು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಎಣ್ಣೆಯ ಒತ್ತಡದಿಂದ ಏಳುವ ಇಳಿಯುವ ಸಾಮಾನೆಲ್ಲ ಇವನೊಬ್ಬನ ಮಾತು ಕೇಳುತ್ತದೆ ಅಂತ ಯಾರೋ ಈ ಹೆಸರು ಅಂಟಿಸಿದ್ದರು. ಅವನಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆ.

ಅವನ ಅಣ್ಣ ಅತ್ತಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ವೈನ್ ಮಾಡುತ್ತಿದ್ದರು. ದ್ರಾಕ್ಷಿ ಯಾವಾಗ ಕೊಯ್ಯಬೇಕು, ಎಷ್ಟು ಹುದುಗು ಬರಬೇಕು, ಯಾವ ಪೀಪಾಯಿ ಸೇರಬೇಕು ಅನ್ನುವುದೆಲ್ಲ ಅತ್ತಿಗೆಯ ತೀರ್ಮಾನ. ರಟ್ಟೆ ಮುರಿಯುವ ಕೆಲಸ ಅಣ್ಣನ ಪಾಲು. ಮರದ ಪಟ್ಟಿಗಳ ಬುಟ್ಟಿಗೆ ದ್ರಾಕ್ಷಿ ತುಂಬಿ, ಮೇಲಿನ ತಿರುಪನ್ನು ಉದ್ದನೆಯ ಕಬ್ಬಿಣದ ಹಿಡಿಯಿಂದ ಸುತ್ತಿ ಸುತ್ತಿ ರಸ ಹಿಂಡುವುದೆಂದರೆ ಗಾಣದೆತ್ತಿನ ಪಾಡು. ಈ ಸಲ ಕೊಯ್ಲು ಶುರುವಾಗುವ ಹೊತ್ತಿಗೆ ಅಣ್ಣನ ಸೊಂಟ ಕೈಕೊಟ್ಟಿತು. ಇನ್ನು ಭಾರದ ಕೆಲಸ ಮುಟ್ಟಲೇಬೇಡಿ ಅಂದರು ಡಾಕ್ಟರು. ಅಣ್ಣ ಕುರ್ಚಿ ಹಿಡಿದು ಕೂತು, ಎದುರಿಗೆ ಬಂದವರ ಮೇಲೆಲ್ಲ ಸಿಡುಕತೊಡಗಿದ.

"ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀರಿ ಅತ್ತಿಗೆ? ನಾನೇನು ಸತ್ತುಹೋಗಿದೀನಾ?" ಅಂದ ಜಾಕಿ.

"ನೀನು ಬಂದು ತಿರುಗಿಸ್ತೀಯೇನಪ್ಪ?"

"ತಿರುಗಿಸೋದೇ ಬೇಡ. ಬಂಡೆ ಎತ್ತೋ ಯಂತ್ರದ ಎಣ್ಣೆ ಸಿಲಿಂಡರ್ ತಂದು ಮೇಲೆ ಕೂರಿಸ್ತೀನಿ. ದ್ರಾಕ್ಷಿ ಯಾವ ಲೆಕ್ಕ!"

ಹೇಳಿದಂತೆಯೇ ಮಾಡಿದ. ದಪ್ಪ ಕಬ್ಬಿಣದಿಂದ ಬಾಗಿಲ ಚೌಕಟ್ಟಿನಂಥದ್ದನ್ನು ಬೆಸುಗೆ ಹಾಕಿ ನಿಲ್ಲಿಸಿದ. ಗುಜರಿಗೆ ಹೋದ ಯಂತ್ರವೊಂದರ ಸಿಲಿಂಡರನ್ನು ಬಿಚ್ಚಿ, ತೊಳೆದು, ಎಣ್ಣೆ ಸೋರದಂತೆ ಹೊಸ ಸೀಲು ಹಾಕಿ, ತಲೆಕೆಳಗಾಗಿ ತೂಗುಬಿಟ್ಟ. ಕೆಳಗೆ ಬುಟ್ಟಿ, ಪಕ್ಕದಲ್ಲಿ ಕೈಪಂಪು. ನಾಲ್ಕು ಸಲ ಹಿಡಿ ಒತ್ತಿದ್ದೇ ತಡ, ರಸ ಕೆಳಗಿನ ತೊಟ್ಟಿಗೆ ಧೋ ಎಂದು ಸುರಿಯಿತು. ಕೊನೆಗೆ ಬುಟ್ಟಿಯಲ್ಲಿ ಉಳಿದ ಹಿಪ್ಪೆ ಹಲಗೆಯಷ್ಟು ಗಟ್ಟಿಯಾಗಿತ್ತು. ಜಾಕಿ ಅದನ್ನು ಬೆರಳಿಂದ ಕುಟ್ಟಿ ತೋರಿಸಿದ. "ನೋಡಿ, ಒಂದು ತೊಟ್ಟು ಬಿಟ್ಟಿಲ್ಲ!"

ಅತ್ತಿಗೆ ಲೋಟದಲ್ಲಿ ರಸ ಹಿಡಿದು ಮೂಸಿದರು. ಬಾಯಿಗೆ ಹಾಕಿಕೊಂಡು ಪಕ್ಕಕ್ಕೆ ಉಗುಳಿದರು. ಆಮೇಲೆ ತೊಟ್ಟಿಯ ಮೇಲೆ ಬಗ್ಗಿ ತುಂಬ ಹೊತ್ತು ನೋಡಿದರು.

"ಬೀಜ ಒಡೆದು ಒಗರು ಬಂದಿದೆ. ಅದನ್ನಾದ್ರೂ ಹೇಗೋ ಸುಧಾರಿಸಬಹುದಿತ್ತು. ಎಣ್ಣೆ ವಾಸನೆಗೆ ಏನು ಮಾಡ್ಲಿ?"

"ಎಣ್ಣೆನಾ? ಹೊಸ ಸೀಲು ಅತ್ತಿಗೆ ಅದು!"

ಅವರು ತೊಟ್ಟಿಯ ತೂಬು ಬಿಚ್ಚಿದರು. ಅಷ್ಟೂ ರಸ ಕೆಂಪಗೆ ಮೋರಿ ಸೇರಿತು. ಅಣ್ಣ ಕುರ್ಚಿಯಿಂದ ಅರ್ಧ ಎದ್ದವನು ಸೊಂಟ ಹಿಡಿದುಕೊಂಡು ಮತ್ತೆ ಕೂತ. ಕಪಾಳಕ್ಕೆ ಹೊಡೆಸಿಕೊಂಡವನಂತೆ ನಿಂತಿದ್ದ ಜಾಕಿ, ಪಾನಾ ಸ್ಕ್ರೂಡ್ರೈವರ್‌ಗಳನ್ನು ಚೀಲಕ್ಕೆ ತುರುಕಿ, ಹೋಗಿಬರ್ತೀನಿ ಅಂತ ಕೂಡ ಅನ್ನದೆ ಹೊರಟುಹೋದ. ತನ್ನ ಮೂಗಿನ ಬಗ್ಗೆ ಇಷ್ಟು ಜಂಬ ಯಾರಿಗೂ ಇರಬಾರದು ಅಂತ ದಾರಿಯುದ್ದಕ್ಕೂ ಗೊಣಗಿದ.

ಕೆಲವು ದಿನ ಆ ಕಡೆ ತಲೆ ಹಾಕಲಿಲ್ಲ. ಅಣ್ಣ ಫೋನು ಮಾಡಿದರೆ ಕೆಲಸ ಜಾಸ್ತಿ ಅಂದ. ಹೀಗಿರುವಾಗ ಒಬ್ಬ ಡ್ರೈವರು ಗ್ಯಾರೇಜಿಗೆ ಬಂದು ರೇಗಾಡಿದ. ಮೊನ್ನೆ ತಾನೆ ರಿಪೇರಿ ಮಾಡಿಕೊಟ್ಟ ಸಿಲಿಂಡರಿನ ಸುತ್ತ ಆಗಲೇ ಎಣ್ಣೆಯ ಪಸೆ ಕಾಣುತ್ತಿದೆಯಂತೆ.

"ಅಯ್ಯೋ ಮಾರಾಯ, ಸಿಲಿಂಡರ್ ಅಂದಮೇಲೆ ಒಂಚೂರು ಬೆವರದೆ ಇರುತ್ತಾ?" ಅಂದ ಜಾಕಿ. ಗಿರಾಕಿಗಳಿಗೆ ಅವನು ಯಾವಾಗಲೂ ಹೇಳುವ ಮಾತದು. ಈ ಸಲ ಹೇಳಿ ಮುಗಿಸಿದವನಿಗೆ ಅತ್ತಿಗೆ ಮೂಸಿ ನೋಡಿದ ಲೋಟ ನೆನಪಾಯಿತು. ಸಂಜೆ ನೇರ ಅಣ್ಣನ ಮನೆಗೆ ಹೋದ.

ಶೆಡ್ಡಿನಲ್ಲಿ ಅತ್ತಿಗೆ ಒಬ್ಬರೇ ಹಳೆಯ ತಿರುಪಿಗೆ ಜೋತುಬಿದ್ದಿದ್ದರು. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದರು. ಜಾಕಿ ಹಿಡಿ ಇಸಿದುಕೊಂಡು ಸುತ್ತತೊಡಗಿದ. ಆ ಬುಟ್ಟಿ ಮುಗಿಯುವ ಹೊತ್ತಿಗೆ ಅವನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ನೀವು ಹೇಳಿದ್ದೇ ಸರಿ ಅತ್ತಿಗೆ. ಎಂಥಾ ಸೀಲು ಹಾಕಿದ್ರೂ ಎಣ್ಣೆ ಸ್ವಲ್ಪ ಜಿನುಗೇ ಜಿನುಗುತ್ತೆ."

"ಎಣ್ಣೆನೇ ಯಾಕೆ ಬೇಕು? ನೀರಿಂದ ಆಗಲ್ವಾ?"

"ನೀರು ಹಾಕಿದ್ರೆ ಸಿಲಿಂಡರ್ ತುಕ್ಕು ಹಿಡಿ..." ಅಂದವನು ಅಲ್ಲೇ ನಿಲ್ಲಿಸಿ ಹಣೆ ಕೆರೆದುಕೊಂಡ. "ಸಿಲಿಂಡರೇ ಬೇಡ ಅಂದ್ರೆ?"

ನೆಲದ ಮೇಲೆ ಸೀಮೆಸುಣ್ಣದಿಂದ ಗೀಚಿ ತೋರಿಸಿದ. ತೂತುಗಳಿರುವ ಒಂದು ಡ್ರಮ್ಮು. ಅದರ ನಡುವೆ ನಿಂತ ರಬ್ಬರಿನ ಉದ್ದ ಚೀಲ. ಚೀಲದ ಸುತ್ತ ದ್ರಾಕ್ಷಿ. ಚೀಲಕ್ಕೆ ನೀರು ತುಂಬಿದರೆ ಅದು ಉಬ್ಬುತ್ತಾ ದ್ರಾಕ್ಷಿಯನ್ನು ಡ್ರಮ್ಮಿನ ಗೋಡೆಗೆ ಒತ್ತುತ್ತದೆ, ರಸ ತೂತುಗಳಿಂದ ಇಳಿಯುತ್ತದೆ. ಸೋರಿದರೂ ಸೋರುವುದು ಕುಡಿಯುವ ನೀರು.

"ಆಸ್ಪತ್ರೆಯವರು ಬಟ್ಟೆ ಒಗೆಯೋ ದೊಡ್ಡ ಮಷೀನು ಗುಜರಿಗೆ ಹಾಕಿದಾರೆ, ಅದರ ಸ್ಟೀಲ್ ಡ್ರಮ್ಮು ಗಟ್ಟಿಮುಟ್ಟಾಗಿದೆ," ಅಂದ ಜಾಕಿ.

"ಆಸ್ಪತ್ರೆದಾ? ಅದನ್ನ ನಾನು ಕುದಿಯೋ ನೀರಲ್ಲಿ ತಿಕ್ಕಿ ಒಪ್ಪೋವರೆಗೂ ಯಾರೂ ಮುಟ್ಟಬೇಡಿ," ಅಂದರು ಅತ್ತಿಗೆ.

ಹಾಲಿನ ಡೈರಿಗೆ ಸಾಮಾನು ಪೂರೈಸುವವನಿಂದ ವಾಸನೆಯಿಲ್ಲದ ರಬ್ಬರು ತಂದರು. ಟೈರಿಗೆ ರಬ್ಬರು ಕಟ್ಟುವವನು ಅದನ್ನು ಚೀಲದ ಹಾಗೆ ಬೆಸೆದುಕೊಟ್ಟ. ನೀರಿಗೆ ಕಾರು ತೊಳೆಯುವ ಪಂಪು. ಮೊದಲ ಪರೀಕ್ಷೆಗೆ ದ್ರಾಕ್ಷಿಯ ಬದಲು ಹಳೆಯ ಹೊದಿಕೆಗಳನ್ನು ನೆನೆಸಿ ತುಂಬಿದರು. ಎಲ್ಲ ಚೆನ್ನಾಗಿಯೇ ನಡೆದಿತ್ತು, ಅಷ್ಟರಲ್ಲಿ ಮುಚ್ಚಳದ ಕೊಂಡಿ ಟಪ್ ಅಂತ ಕಿತ್ತು, ಚೀಲ ಹೊರಗೆ ಚಿಮ್ಮಿತು. ಒದ್ದೆ ಹೊದಿಕೆಯೊಂದು ಹಾರಿ ಅಣ್ಣನ ಮುಖಕ್ಕೇ ಅಪ್ಪಳಿಸಿತು.

ಜಾಕಿ ಓಡಿಹೋಗಿ ಪಂಪು ನಿಲ್ಲಿಸಿದ.

"ಬಟ್ಟೆ ಚೆನ್ನಾಗಿ ಒಗೆದಿದೆ," ಅಂದ ಅಣ್ಣ, ಮುಖದಿಂದ ಅದನ್ನು ಸರಿಸುತ್ತಾ. ಆ ಮನೆಯಲ್ಲಿ ಎಷ್ಟೋ ದಿನದ ಮೇಲೆ ನಗು ಕೇಳಿಸಿತು.

ಜಾಕಿ ಮುಚ್ಚಳಕ್ಕೆ ಸುತ್ತಲೂ ಬೋಲ್ಟು ಹಾಕಿದ. ಒತ್ತಡ ಹೆಚ್ಚಾದರೆ ತಾನಾಗಿ ನೀರು ಹೊರಗೆ ಬಿಡುವ ವಾಲ್ವನ್ನೂ, ಮುಳ್ಳಿನ ಮೀಟರನ್ನೂ ಕೂರಿಸಿದ. ಮಾರನೆಯ ದಿನ ನಿಜವಾದ ದ್ರಾಕ್ಷಿ ತುಂಬಿದರು. ನಲ್ಲಿ ತಿರುಗಿಸಿದಾಗ ಗದ್ದಲವೇನೂ ಆಗಲಿಲ್ಲ. ಡ್ರಮ್ಮಿನ ಮೈಯಲ್ಲೆಲ್ಲ ಕೆಂಪು ಹನಿ ಮೂಡಿ, ಒಂದಕ್ಕೊಂದು ಕೂಡಿ, ಕೆಳಗಿನ ತಟ್ಟೆಗೆ ಸಣ್ಣಗೆ ಹರಿಯತೊಡಗಿತು. ಅತ್ತಿಗೆ ಆಗಾಗ ಲೋಟ ಹಿಡಿದು ರುಚಿ ನೋಡುತ್ತಿದ್ದರು. ಒಮ್ಮೆ ಕೈ ಎತ್ತಿದರು. "ಸಾಕು, ನಿಲ್ಲಿಸು."

ಜಾಕಿ ಮುಚ್ಚಳ ತೆಗೆದು ಹಿಪ್ಪೆ ಹಿಸುಕಿದ. ಇನ್ನೂ ಹಸಿಯಾಗಿತ್ತು. "ಅತ್ತಿಗೆ, ಇನ್ನೂ ಎಷ್ಟೊಂದು ರಸ ಇದೆ ಇದರಲ್ಲಿ!"

"ಇರ್ಲಿ ಬಿಡು. ಅದು ನಂಗೆ ಬೇಡ."

ಮೊದಲಿಂದಲೂ ಒತ್ತುವುದನ್ನೇ ಕಲಿತವನಿಗೆ ಕೈ ತುರಿಸುತ್ತಿತ್ತು. ಆದರೂ ತಡೆದುಕೊಂಡ. ವಾಲ್ವನ್ನು ಅವರು ಹೇಳಿದ ಮಟ್ಟಕ್ಕೇ ತಿರುಗಿಸಿ ಬಿಗಿ ಮಾಡಿದ.

ಕೊಯ್ಲು ಮುಗಿಯುವವರೆಗೆ ಆ ಯಂತ್ರವನ್ನು ನಡೆಸಿದವನು ಅಣ್ಣ. ಕುರ್ಚಿಯನ್ನು ಪಂಪಿನ ಪಕ್ಕಕ್ಕೆ ಎಳೆಸಿಕೊಂಡು, ಎರಡು ಬೆರಳಲ್ಲಿ ನಲ್ಲಿ ತಿರುಗಿಸುತ್ತಾ, ಮುಳ್ಳಿನ ಮೇಲೆ ಕಣ್ಣಿಟ್ಟು ಕೂರುತ್ತಿದ್ದ. ಒಂದು ದಿನ ಜಾಕಿ ಮಧ್ಯಾಹ್ನ ಬಂದು ಮೀಟರಿಗೆ ಕೈ ಹಾಕಿದ.

"ಏಯ್, ಮುಟ್ಟಬೇಡ ಅದನ್ನ," ಅಂದ ಅಣ್ಣ. "ನೀನು ಒಳಗೆ ಹೋಗಿ ಊಟ ಮಾಡು."

ಜಾಕಿ ಕೈ ತೊಳೆದುಕೊಂಡು ಒಳಗೆ ಹೋದ.